ಆರ್‌ಸಿ ಬುಕ್ ಇಲ್ಲದ ಹಳೆಯ ಗಾಡಿ

ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯಲ್ಲಿ ನೂಲು, ಚಾದರ, ಟವೆಲ್ ಹೊರುವ ಹಳೆಯ ಟೆಂಪೊಗಳಾಗಲಿ, ಮಗ್ಗದ ಕಾರ್ಮಿಕರ ಸ್ಕೂಟರ್‌ಗಳಾಗಲಿ ಮಾರಾಟಕ್ಕೆ ಬಂದಾಗ ಆರ್‌ಸಿ ಬುಕ್ ಕಾಣೆಯಾಗಿರುವುದುಂಟು. ಬುಕ್ ಕಳೆದರೂ ನೋಂದಣಿ ಅಳಿಯುವುದಿಲ್ಲ. ಎಂಎಚ್-13 ಗಾಡಿಯ ದಾಖಲೆ ಸೊಲ್ಲಾಪುರದ ಆರ್‌ಟಿಒದಲ್ಲಿ ಇರುತ್ತದೆ. ಕಾಗದದ ಕಾಲದ ಗಾಡಿ ಕಂಪ್ಯೂಟರಿನಲ್ಲಿ ಸಿಗದಿದ್ದರೆ, ಕಚೇರಿಯ ಹಳೆಯ ರಿಜಿಸ್ಟರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು.

ಮೊದಲ ಕೆಲಸ ನಕಲು ಆರ್‌ಸಿ. ಪೊಲೀಸ್ ಠಾಣೆಯಲ್ಲಿ ಕಳೆದುಹೋದ ದೂರು ಕೊಟ್ಟು, ಫಾರ್ಮ್ 26ರಲ್ಲಿ ಅರ್ಜಿ ಹಾಕಬೇಕಾದವರು ದಾಖಲೆಯಲ್ಲಿ ಹೆಸರಿರುವ ಮಾಲೀಕರೇ, ಕೊಂಡವರಲ್ಲ. ಎಷ್ಟೋ ವ್ಯವಹಾರಗಳು ನಿಲ್ಲುವುದು ಇಲ್ಲೇ. ಹಳೆಯ ಸಾಲದ ನಮೂದು ಉಳಿದಿದ್ದರೆ ಸಾಲ ಕೊಟ್ಟವರ ಸಹಿಯೊಡನೆ ಫಾರ್ಮ್ 35 ಕೊಟ್ಟು ತೆಗೆಸಬೇಕು. ಆಮೇಲೆ ವರ್ಗಾವಣೆ: ಫಾರ್ಮ್ 29 ಮಾರಿದವರದು, ಫಾರ್ಮ್ 30 ಕೊಂಡವರದು. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ತಿಳಿಸಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮರಣಪತ್ರದೊಡನೆ ಫಾರ್ಮ್ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆಯೇ ಮಾರುವುದು ಕ್ಷೇಮ.

ಗಡಿಯಾಚೆಯ ಗಾಡಿಯಾದರೆ ಇನ್ನೊಂದು ಸುತ್ತು. ವಿಜಯಪುರದ ಕೆಎ-28 ಅಥವಾ ಕಲಬುರಗಿಯ ಕೆಎ-32 ಗಾಡಿ ಅಕ್ಕಲಕೋಟದವರ ಹೆಸರಿಗೆ ಬರಬೇಕಾದರೆ ನಕಲು ಆರ್‌ಸಿಯ ಜೊತೆ ಎನ್‌ಒಸಿಯನ್ನೂ ಅಲ್ಲಿಂದಲೇ, ಫಾರ್ಮ್ 28ರಲ್ಲಿ, ಪಡೆಯಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಮಹಾರಾಷ್ಟ್ರದಲ್ಲಿಟ್ಟುಕೊಳ್ಳುವುದಾದರೆ ಹೊಸ ನಂಬರ್ ಕಡ್ಡಾಯ. ಇಲ್ಲಿಯ ತೆರಿಗೆ ಬೇರೆ. ಗಡಿಭಾಗದಲ್ಲಿ ಇದನ್ನು ಮುಂದೂಡುವವರೇ ಹೆಚ್ಚು.

ಸ್ವಂತ ಬಳಕೆಯ ಗಾಡಿಗೆ ಹದಿನೈದು ವರ್ಷ ದಾಟಿದ್ದರೆ ಫಾರ್ಮ್ 25ರಲ್ಲಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಬೇಕು. ಇನ್‌ಸ್ಪೆಕ್ಟರ್ ಗಾಡಿ ನೋಡುತ್ತಾರೆ, ಚಾಸಿ ನಂಬರ್ ತಾಳೆಯಾಗಬೇಕು, ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯನ್ನೂ ಕಟ್ಟಬೇಕು. ಟೆಂಪೊದಂಥ ಸಾಗಣೆ ಗಾಡಿಗೆ ಫಿಟ್‌ನೆಸ್ ಪತ್ರ ಚಾಲ್ತಿಯಲ್ಲಿರಬೇಕು. ತುಕ್ಕು ಹಿಡಿದ ಸ್ಕೂಟರಿಗೆ ಈ ಖರ್ಚು ಕೆಲವೊಮ್ಮೆ ಅದರ ಬೆಲೆಯನ್ನೇ ಮೀರುತ್ತದೆ.

ಇದನ್ನೆಲ್ಲ ತಪ್ಪಿಸಲೆಂದು ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡು ಗಾಡಿ ಓಡಿಸುವ ರೂಢಿ ಎಲ್ಲೆಡೆ ಇದೆ. ಅದರಲ್ಲಿ ಮಾರಿದವರಿಗೇ ಅಪಾಯ ಹೆಚ್ಚು. ಕೈಯಿಂದ ಕೈಗೆ ದಾಟಿದ್ದ ಕಾರಿನ ಅಪಘಾತದ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ಹಳೆಯ ಮಾಲೀಕರೇ ಸಿಗದ, ನಂಬರೂ ತಾಳೆಯಾಗದ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಲೇಬಾರದು. ಅದು ಕಳವಿನ ಮಾಲಾಗಿದ್ದರೆ ಕೊಂಡವರೇ ಠಾಣೆಗೆ ಅಲೆಯಬೇಕಾಗುತ್ತದೆ.