ಹಿಮ್ಮಡಿಯ ನೋವು

ಇರುಳೆಲ್ಲ ಸುಖವಾಗಿ ನಿದ್ರಿಸಿ, ಬೆಳಗ್ಗೆ ಎದ್ದು ನೆಲಕ್ಕೆ ಕಾಲೂರಿದೊಡನೆ ಹಿಮ್ಮಡಿಯಲ್ಲಿ ಮುಳ್ಳು ಮುರಿದಂತಾಗುವುದು; ಗೋಡೆ ಹಿಡಿದು ಹತ್ತು ಹೆಜ್ಜೆ ಕುಂಟಿದ ಮೇಲೆ ನೋವು ತಗ್ಗುವುದು; ಬಹಳ ಹೊತ್ತು ಕುಳಿತು ಎದ್ದರೆ ಪುನಃ ಅದೇ ಪಾಡು. ನಲವತ್ತು ದಾಟಿದ ಅನೇಕರಿಗೆ ಇದು ಪರಿಚಿತವೇ. ಮೂವತ್ತು ವರ್ಷ ನಿಂತೇ ಪಾಠ ಹೇಳಿದ ನನಗೂ ಇದು ಬಂದಿತು. ಇನ್ನು ಕುರ್ಚಿಯೇ ಗತಿಯೆಂದು ಅಂಜಿದೆ. ಎಕ್ಸ್-ರೇಯಲ್ಲಿ ಮೂಳೆ ಮುಳ್ಳಿನಂತೆ ಬೆಳೆದಿರುವುದು ಕಂಡು ಅಂಜಿಕೆ ಇಮ್ಮಡಿಯಾಯಿತು. ವೈದ್ಯರು ನಕ್ಕು, “ನೋವೇ ಇಲ್ಲದ ಎಷ್ಟೋ ಜನರಿಗೂ ಇಂಥ ಮುಳ್ಳು ಉಂಟು, ಮೇಷ್ಟ್ರೇ. ತಪ್ಪು ಅದರದಲ್ಲ” ಎಂದರು.

ಹಾಗಾದರೆ ತಪ್ಪು ಯಾವುದರದು? ಪಾದವನ್ನು ಒಂದು ಬಿಲ್ಲೆಂದು ಭಾವಿಸಿರಿ. ಅದರ ಕಮಾನೇ ಬಿಲ್ಲಿನ ದಂಡ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಬ್ಬಿರುವ ಗಟ್ಟಿ ಪಟ್ಟಿಯೇ ಹೆದೆ. ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಬಾಗಿ ಹೆದೆ ಬಿಗಿಯುತ್ತದೆ, ಕಮಾನು ಏರುತ್ತದೆ. 1954ರಲ್ಲಿ ಜೆ. ಎಚ್. ಹಿಕ್ಸ್ ಎಂಬವರು ಇದನ್ನು ವಿವರಿಸಿದರು. ಬಹಳ ಹೊತ್ತು ನಿಲ್ಲುವುದು, ಮೈತೂಕ ಹೆಚ್ಚುವುದು, ಮೀನಖಂಡ ಬಿಗಿದಿರುವುದು, ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಡೆಯುವುದು, ಇವುಗಳಿಂದ ಹೆದೆಯು ಹಿಮ್ಮಡಿಗೆ ಅಂಟಿದೆಡೆ ಸವೆದು ನೋಯುತ್ತದೆ. ನಿದ್ರೆಯಲ್ಲಿ ಪಾದ ಕೆಳಮುಖವಾಗಿ ಚಾಚಿಕೊಂಡಿರುವುದರಿಂದ ಹೆದೆ ಕುಗ್ಗಿರುತ್ತದೆ; ಬೆಳಗಿನ ಮೊದಲ ಹೆಜ್ಜೆ ಅದನ್ನು ಥಟ್ಟನೆ ಜಗ್ಗುತ್ತದೆ.

ಆದಕಾರಣ ಚಿಕಿತ್ಸೆ ಹಾಸಿಗೆಯ ಮೇಲೆಯೇ ಆರಂಭವಾಗಬೇಕು. ಎದ್ದು ಕುಳಿತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿರಿಸಿ, ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಹಿಂದಕ್ಕೆಳೆದು 10 ಎಣಿಸುವವರೆಗೆ ಹಿಡಿಯಿರಿ. ಅಂಗಾಲಿನಲ್ಲಿ ಹೆದೆ ಬಿಗಿದದ್ದು ಬೆರಳಿಗೆ ತಗಲುತ್ತದೆ. ಹೀಗೆ 10 ಸಲ. ದಿನಕ್ಕೆ 3 ಬಾರಿ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೇವಲ ಹಿಂಗಾಲಿನ ನರ ಎಳೆಯುವುದಕ್ಕಿಂತ ಇದರಿಂದ ಎಂಟು ವಾರಗಳಲ್ಲಿ ಹೆಚ್ಚು ಗುಣ ಕಂಡಿತು. ಮೀನಖಂಡವನ್ನೂ ಮರೆಯಬಾರದು. ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಏಳದಂತೆ ಮುಂದಕ್ಕೆ ಬಾಗಿ 30 ಎಣಿಸಿರಿ. 3 ಸಲ ಮಾಡಿರಿ.

ಎರಡನೆಯದು ಪಾದರಕ್ಷೆ. ನಮ್ಮ ಮನೆಗಳಲ್ಲಿ ಚಪ್ಪಲಿ ಹೊಸಿಲಿನ ಹೊರಗೆ. ಒಳಗೆ ಕಲ್ಲಿನ ನೆಲ. “ಅಲ್ಲಾ ರೀ, ನಡುಮನೆಯಲ್ಲಿ ಚಪ್ಪಲಿಯೇ?” ಎಂದು ನನ್ನಾಕೆ ತಡೆದಳು. ಬೀದಿಯನ್ನೇ ಕಾಣದ ಹೊಸ ಜೋಡಿಯೊಂದನ್ನು ಮನೆಗೆಂದೇ ಮೀಸಲಿಡುವುದು, ದೇವರ ಮನೆಯ ಮುಂದೆ ಬಿಡುವುದು ಎಂದು ರಾಜಿಯಾಯಿತು. ಕೊಳ್ಳುವಾಗ ಎರಡು ತುದಿ ಹಿಡಿದು ಬಾಗಿಸಿ ನೋಡಿರಿ. ಬೆರಳುಗಳ ಬಳಿ ಮಾತ್ರ ಬಾಗಬೇಕು. ನಡುವೆ ಮಡಿಚಿದರೆ, ಒದ್ದೆ ಬಟ್ಟೆಯಂತೆ ಹಿಂಡಲು ಬಂದರೆ, ಅಲ್ಲಿಯೇ ಬಿಟ್ಟು ಬನ್ನಿರಿ. ಹಿಮ್ಮಡಿಯಡಿ ಮೆತ್ತೆಯೂ ಕಮಾನಿನಡಿ ಆಸರೆಯೂ ಇರಲಿ. ಸವೆದು ತೆಳ್ಳಗಾದ ರಬ್ಬರ್ ಚಪ್ಪಲಿ ಬರಿಗಾಲಿಗಿಂತ ಹೆಚ್ಚೇನೂ ಅಲ್ಲ.

ಬಾವು, ಜ್ವರ, ಜೋಮು ಇದ್ದರೆ, ಬಿದ್ದು ಪೆಟ್ಟಾಗಿದ್ದರೆ, ಮಲಗಿದಾಗಲೂ ನೋವು ಬಿಡದಿದ್ದರೆ, ಮನೆಮದ್ದಿಗೆ ಕಾಯದೆ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯವರು ಮೊದಲೇ ಕಾಣಬೇಕು. ಉಳಿದವರಿಗೆ ಬೇಕಾದದ್ದು ತಾಳ್ಮೆ. ಬಹುಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣವಾಗುತ್ತದೆ. ಆದರೆ ವಾರಗಳಲ್ಲಲ್ಲ, ತಿಂಗಳುಗಳಲ್ಲಿ. ನನಗೆ ಎಂಟು ತಿಂಗಳು ಹಿಡಿಯಿತು. ಕುರ್ಚಿ ತರಗತಿಯಲ್ಲಿ ಈಗಲೂ ಇದೆ. ಅದರ ಮೇಲೆ ಹುಡುಗರ ಪುಸ್ತಕಗಳಿವೆ.