ರಸ್ತೆಯಲ್ಲಿ ಹಿಂದಕ್ಕೆ ಸಾಗುವ ಅಲೆ

ಮಕ್ಕಳೇ, ಜಾತ್ರೆಗೋ ಅಜ್ಜಿಯ ಊರಿಗೋ ಬಸ್ಸಿನಲ್ಲಿ ಹೋಗುವಾಗ ನೀವು ಎಂದಾದರೂ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡಿದ್ದೀರಾ? ಆಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ: "ಮುಂದೆ ಏನಾಗಿದೆ?"

ಒಮ್ಮೆ ನಾನು ಬೆಂಗಳೂರಿನಿಂದ ತುಮಕೂರಿನ ಕಡೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಚೆನ್ನಾಗಿ ಓಡುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ನಿಂತಿತು. ಸ್ವಲ್ಪ ಚಲಿಸಿತು, ಮತ್ತೆ ನಿಂತಿತು. "ಆಕ್ಸಿಡೆಂಟ್ ಆಗಿರಬೇಕು" ಎಂದರು ಒಬ್ಬರು. "ರಸ್ತೆ ರಿಪೇರಿ ಇರಬೇಕು" ಎಂದರು ಇನ್ನೊಬ್ಬರು. ಅಷ್ಟರಲ್ಲಿ ಹಿಂದಿನಿಂದ 108 ಆಂಬುಲೆನ್ಸಿನ ಸೈರನ್ ಕೇಳಿಸಿತು. ದಾರಿ ಬಿಡಬೇಕೆಂದು ಎಲ್ಲರಿಗೂ ಮನಸ್ಸಿತ್ತು. ಆದರೆ ವಾಹನಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿದ್ದವು. ಪಕ್ಕಕ್ಕೆ ಹೊರಳಬೇಕಾದರೂ ಮುಂದೆ ಒಂದಿಷ್ಟು ಜಾಗ ಬೇಕಲ್ಲವೇ? ಆ ಜಾಗವೇ ಇರಲಿಲ್ಲ. ಸೈರನ್ ಕೂಗುತ್ತಲೇ ಇತ್ತು.

ಸುಮಾರು ಹತ್ತು ನಿಮಿಷಗಳ ನಂತರ ಸಾಲು ಸಡಿಲವಾಯಿತು. ಆಂಬುಲೆನ್ಸ್ ಹೇಗೋ ದಾಟಿ ಹೋಯಿತು. ನಮ್ಮ ಬಸ್ಸೂ ವೇಗ ಪಡೆಯಿತು. ಅಪಘಾತ ಎಲ್ಲಿ ಆಗಿದೆ ಎಂದು ಎಲ್ಲರೂ ಕಿಟಕಿಯಿಂದ ನೋಡುತ್ತಿದ್ದೆವು. ಅಪಘಾತವೂ ಇರಲಿಲ್ಲ, ಗುಂಡಿಯೂ ಇರಲಿಲ್ಲ, ಕೆಟ್ಟು ನಿಂತ ಲಾರಿಯೂ ಇರಲಿಲ್ಲ. ರಸ್ತೆ ಖಾಲಿ!

ಹಾಗಾದರೆ ನಾವು ನಿಂತದ್ದು ಏಕೆ? ಈ ಪ್ರಶ್ನೆಗೆ ಭೌತವಿಜ್ಞಾನಿಗಳು ಒಂದು ಪ್ರಯೋಗದ ಮೂಲಕ ಉತ್ತರ ಹುಡುಕಿದ್ದಾರೆ.

22 ಕಾರುಗಳ ಪ್ರಯೋಗ

ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿ, ಅದರ ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ಸಮತಟ್ಟಾದ ನೆಲದ ಮೇಲೆ 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿ. ಅದರ ಮೇಲೆ 22 ಕಾರುಗಳು. ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ, ಗುಂಡಿ ಇಲ್ಲ, ದನಕರುಗಳಿಲ್ಲ. ಚಾಲಕರಿಗೆ ಹೇಳಿದ್ದು ಇಷ್ಟೇ: "ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ, ಮುಂದಿನ ಕಾರಿಗೆ ತಾಗದಂತೆ ಓಡಿಸಿ."

ಮೊದಲು ಎಲ್ಲ ಕಾರುಗಳೂ ಚೆನ್ನಾಗಿಯೇ ಓಡಿದವು. ಸ್ವಲ್ಪ ಹೊತ್ತಿನಲ್ಲಿ ಕಾರುಗಳ ನಡುವಿನ ಅಂತರ ಏರುಪೇರಾಗತೊಡಗಿತು. ಕೊನೆಗೆ ಕೆಲವು ಕಾರುಗಳು ಪೂರ್ತಿ ನಿಂತೇಬಿಟ್ಟವು! ಯಾವ ಅಡ್ಡಿಯೂ ಇಲ್ಲದ ದಾರಿಯಲ್ಲಿ ಜಾಮ್ ತಾನಾಗಿಯೇ ಹುಟ್ಟಿತು.

ಇನ್ನೊಂದು ವಿಚಿತ್ರ ಕೇಳಿ. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೂ ಜಾಮ್ ಮಾತ್ರ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಸಾಗಿತು.

ಒಂದು ಸಣ್ಣ ಲೆಕ್ಕ

230 ಮೀಟರ್ ದಾರಿಯನ್ನು 22 ಕಾರುಗಳಿಗೆ ಹಂಚಿ. ಒಂದು ಕಾರಿಗೆ ಸಿಗುವುದು ಸುಮಾರು 10 ಮೀಟರ್. ಅದರಲ್ಲಿ ಕಾರಿನ ಉದ್ದವೇ 4 ಮೀಟರಿಗಿಂತ ಹೆಚ್ಚು ಎಂದುಕೊಂಡರೆ, ಎರಡು ಕಾರುಗಳ ನಡುವೆ ಉಳಿಯುವ ಜಾಗ ಸುಮಾರು 6 ಮೀಟರ್.

ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಷ್ಟು ಮೀಟರ್? 30,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿ. ಸುಮಾರು 8.3 ಮೀಟರ್ ಬರುತ್ತದೆ. ಅಂದರೆ 6 ಮೀಟರ್ ಜಾಗವನ್ನು ಕಾರು ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ದಾಟಿಬಿಡುತ್ತದೆ.

ಈಗ ಸ್ಕೇಲಿನ ಆಟ ಆಡಿ. ನಿಮ್ಮ ಗೆಳೆಯ 30 ಸೆಂಟಿಮೀಟರ್ ಸ್ಕೇಲನ್ನು ನೇರವಾಗಿ ಹಿಡಿದು, ಹೇಳದೆ ಕೇಳದೆ ಕೈಬಿಡಲಿ. ಕೆಳತುದಿಯ ಬಳಿ ಬೆರಳುಗಳನ್ನು ಇಟ್ಟುಕೊಂಡು ನೀವು ಅದನ್ನು ಹಿಡಿಯಿರಿ. ಅದು 20 ಸೆಂಟಿಮೀಟರ್ ಬಿದ್ದ ಮೇಲೆ ನಿಮ್ಮ ಬೆರಳಿಗೆ ಸಿಕ್ಕಿದರೆ ನೀವು ತೆಗೆದುಕೊಂಡ ಸಮಯ ಸುಮಾರು 0.2 ಸೆಕೆಂಡ್. ಇದಕ್ಕೆ ಪ್ರತಿಕ್ರಿಯಾ ಕಾಲ ಎನ್ನುತ್ತಾರೆ. ಬೆರಳು ಸಿದ್ಧವಾಗಿದ್ದಾಗಲೇ ಇಷ್ಟು ಸಮಯ ಬೇಕು. ಚಾಲಕ ಮುಂದಿನ ಕಾರಿನ ಕೆಂಪು ದೀಪ ನೋಡಬೇಕು, ಅರ್ಥ ಮಾಡಿಕೊಳ್ಳಬೇಕು, ಕಾಲನ್ನು ಆಕ್ಸಿಲರೇಟರಿನಿಂದ ಎತ್ತಿ ಬ್ರೇಕಿನ ಮೇಲೆ ಇಡಬೇಕು. ಇದಕ್ಕೆಲ್ಲ ಸುಮಾರು ಒಂದು ಸೆಕೆಂಡ್, ಎಷ್ಟೋ ಸಲ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ.

ನಡುವೆ ಇರುವ ಜಾಗ ಒಂದು ಸೆಕೆಂಡಿಗೂ ಸಾಲದು. ಬ್ರೇಕ್ ಹಾಕಲು ಒಂದು ಸೆಕೆಂಡ್ ಬೇಕು. ತೊಂದರೆ ಎಲ್ಲಿದೆ ಎಂದು ಈಗ ಗೊತ್ತಾಯಿತೇ?

ಸಣ್ಣ ಬ್ರೇಕ್, ದೊಡ್ಡ ಜಾಮ್

ಆರು ಕಾರುಗಳು ಹತ್ತಿರ ಹತ್ತಿರ ಹೋಗುತ್ತಿವೆ ಎಂದುಕೊಳ್ಳೋಣ. ಎಲ್ಲವುಗಳ ವೇಗ ಗಂಟೆಗೆ 30 ಕಿಲೋಮೀಟರ್. ಮೊದಲನೆಯ ಚಾಲಕ ಯಾವುದೋ ಫಲಕ ನೋಡುತ್ತಾ ವೇಗವನ್ನು 27ಕ್ಕೆ ಇಳಿಸಿದ. ಎರಡನೆಯವನಿಗೆ ಇದು ತಿಳಿದದ್ದು ಸ್ವಲ್ಪ ತಡವಾಗಿ. ಅಷ್ಟರಲ್ಲಿ ಅಂತರ ಕಡಿಮೆಯಾಗಿತ್ತು. ಹೆದರಿ ಅವನು 23ಕ್ಕೆ ಇಳಿಸಿದ. ಮೂರನೆಯವನು ಇನ್ನೂ ಜೋರಾಗಿ ಬ್ರೇಕ್ ಒತ್ತಿದ, 18ಕ್ಕೆ ಇಳಿಯಿತು. ನಾಲ್ಕನೆಯವನು 12, ಐದನೆಯವನು 6. ಆರನೆಯವನು ನಿಂತೇಬಿಟ್ಟ!

ಮೊದಲನೆಯ ಚಾಲಕನಿಗೆ ಇದು ಯಾವುದೂ ಗೊತ್ತಿಲ್ಲ. ಅವನು ಮತ್ತೆ ವೇಗ ಹೆಚ್ಚಿಸಿಕೊಂಡು ಹೋಗಿಯಾಗಿದೆ. ಆರನೆಯವನು ಮಾತ್ರ "ಮುಂದೆ ಏನಾಗಿದೆ?" ಎಂದು ಕೇಳುತ್ತಿದ್ದಾನೆ. ಅಂದು ನಮ್ಮ ಬಸ್ಸಿನಲ್ಲಿದ್ದವರೆಲ್ಲ ಕೇಳಿದ್ದೂ ಇದನ್ನೇ.

ಅದೇ ಎರಡನೆಯ ಚಾಲಕ ಸಾಕಷ್ಟು ಅಂತರ ಬಿಟ್ಟಿದ್ದರೆ? ಮುಂದಿನವನು 27ಕ್ಕೆ ಇಳಿದಾಗ ಇವನು ಬ್ರೇಕ್ ಮುಟ್ಟದೆ, ಆಕ್ಸಿಲರೇಟರನ್ನು ಸ್ವಲ್ಪ ಸಡಿಲಿಸಿದ್ದರೆ ಸಾಕಿತ್ತು. ಅಲೆ ಅಲ್ಲಿಗೇ ಸಾಯುತ್ತಿತ್ತು.

ಜಾಮ್ ಹಿಂದಕ್ಕೆ ಹೋಗುವುದು ಏಕೆ?

ಕೆರೆಗೆ ಕಲ್ಲೆಸೆದರೆ ಅಲೆಗಳು ದಡದ ಕಡೆಗೆ ಬರುತ್ತವೆ. ಆದರೆ ನೀರಿನ ಮೇಲೆ ತೇಲುವ ಎಲೆ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ. ಅಂದರೆ ಅಲೆ ಸಾಗುವುದೇ ಬೇರೆ, ನೀರು ಚಲಿಸುವುದೇ ಬೇರೆ. ಜಾಮ್ ಕೂಡ ಇಂತಹ ಒಂದು ಅಲೆ.

ನಿಂತ ಸಾಲಿನ ಮುಂತುದಿಯಿಂದ ವಾಹನಗಳು ಒಂದೊಂದಾಗಿ ಹೊರಡುತ್ತವೆ. ಹಿಂತುದಿಗೆ ಹೊಸ ವಾಹನಗಳು ಬಂದು ಸೇರುತ್ತವೆ. ಆದ್ದರಿಂದ ನಿಂತ ಸಾಲು ಹಿಂದೆ ಹಿಂದೆ ಸರಿಯುತ್ತದೆ. ನಿಂತ ಒಂದು ಕಾರು ಮುಂದಿನ ಜಾಗವೂ ಸೇರಿ ಸುಮಾರು 7 ಮೀಟರ್ ಆಕ್ರಮಿಸುತ್ತದೆ ಎನ್ನೋಣ. ಮುಂದಿನ ಕಾರು ಹೊರಟ 1.25 ಸೆಕೆಂಡಿನ ನಂತರ ಹಿಂದಿನ ಕಾರು ಹೊರಡುತ್ತದೆ ಎನ್ನೋಣ. ಆಗ ಜಾಮಿನ ಮುಂತುದಿ ಪ್ರತಿ 1.25 ಸೆಕೆಂಡಿಗೆ 7 ಮೀಟರ್ ಹಿಂದಕ್ಕೆ ಸರಿಯುತ್ತದೆ. ಲೆಕ್ಕ ಮಾಡಿ ನೋಡಿ, ಸೆಕೆಂಡಿಗೆ 5.6 ಮೀಟರ್, ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್! ಜಪಾನಿನ ಪ್ರಯೋಗದಲ್ಲಿ ಕಂಡ ವೇಗವೂ ಹೆಚ್ಚುಕಡಿಮೆ ಇದೇ.

ನೀವೇ ಮಾಡಿ ನೋಡಿ

ಶಾಲೆಯ ಮೈದಾನದಲ್ಲಿ 3 ಮೀಟರ್ ಉದ್ದದ ಹಗ್ಗದ ಸಹಾಯದಿಂದ ಸುಣ್ಣದ ಪುಡಿಯಲ್ಲಿ ಒಂದು ವೃತ್ತ ಬರೆಯಿರಿ. ಅದರ ಸುತ್ತಳತೆ ಸುಮಾರು 19 ಮೀಟರ್. 20 ಜನ ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ನಿಲ್ಲಿ. ಎಲ್ಲರೂ ಮುಂದಿನವರ ಬೆನ್ನನ್ನು ಮಾತ್ರ ನೋಡುತ್ತಾ, ಅವರಿಗೆ ತಾಗದಂತೆ ಒಂದೇ ವೇಗದಲ್ಲಿ ನಡೆಯಿರಿ. ಓಡಬಾರದು. ಸ್ವಲ್ಪ ಹೊತ್ತಿನ ನಂತರ ನಿಮ್ಮ ಶಿಕ್ಷಕರು ಒಬ್ಬರ ಹೆಸರು ಕೂಗಲಿ. ಅವರು ಎರಡು ಹೆಜ್ಜೆ ಇಡುವಷ್ಟು ಹೊತ್ತು ನಿಂತು ಮತ್ತೆ ನಡೆಯಲಿ. ಯಾರು ಯಾರು ನಿಂತರು? ವೃತ್ತದ ಹೊರಗೆ ಒಬ್ಬರು ಕೋಲು ಹಿಡಿದು, ಜನ ನಿಂತಿರುವ ಜಾಗವನ್ನು ತೋರಿಸುತ್ತಾ ಹೋಗಲಿ. ಆ ಕೋಲು ಯಾವ ದಿಕ್ಕಿಗೆ ಸರಿಯುತ್ತದೆ ಎಂದು ಗಮನಿಸಿ.

ಈಗ ಅದೇ ವೃತ್ತದ ಮೇಲೆ 10 ಜನ ಮಾತ್ರ ನಡೆಯಿರಿ. ಮತ್ತೆ ಒಬ್ಬರು ಅಷ್ಟೇ ಹೊತ್ತು ನಿಲ್ಲಲಿ. ಈ ಸಲ ಎಷ್ಟು ಜನ ನಿಂತರು? ಎರಡೂ ಸಲ ಕಂಡದ್ದನ್ನು ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಬರೆದಿಡಿ.

ಜಾಮ್ ತರುವ ಅಭ್ಯಾಸಗಳು

ಜಾಮಿಗೆ ಬೇರೆ ಕಾರಣಗಳೂ ಇವೆ. ರಸ್ತೆಗೆ ಹಿಡಿಸುವುದಕ್ಕಿಂತ ಹೆಚ್ಚು ವಾಹನಗಳು ಬರಬಹುದು, ಮಳೆ ನೀರು ನಿಲ್ಲಬಹುದು, ಅಪಘಾತ ಆಗಬಹುದು. ಆದರೆ ಚಾಲಕರ ಕೆಲವು ಅಭ್ಯಾಸಗಳು ಇರುವ ತೊಂದರೆಯನ್ನು ಹಲವು ಪಟ್ಟು ಹೆಚ್ಚಿಸುತ್ತವೆ.

ಮೊದಲನೆಯದು, ಮುಂದಿನ ವಾಹನಕ್ಕೆ ಅಂಟಿಕೊಂಡು ಓಡಿಸುವುದು. ಎರಡನೆಯದು, ಒಮ್ಮೆಲೇ ವೇಗ ಹೆಚ್ಚಿಸಿ ಒಮ್ಮೆಲೇ ಬ್ರೇಕ್ ಹಾಕುವುದು. ಮೂರನೆಯದು, ಅಡ್ಡಾದಿಡ್ಡಿ ನುಗ್ಗುವುದು. ಒಬ್ಬ ನುಗ್ಗಿದರೆ ಹಿಂದಿನವನು ಬ್ರೇಕ್ ಹಾಕಲೇಬೇಕು, ಅಲ್ಲೊಂದು ಅಲೆ ಹುಟ್ಟುತ್ತದೆ. ನಾಲ್ಕನೆಯದು, ಓಡಿಸುವಾಗ ಮೊಬೈಲ್ ನೋಡುವುದು. ಹಸಿರು ದೀಪ ಬಂದರೂ ಹೊರಡುವುದು ತಡವಾಗುತ್ತದೆ. ಐದನೆಯದು, ಮುಂದೆ ಜಾಗ ಇಲ್ಲದಿದ್ದರೂ ವೃತ್ತದ ನಡುವೆ ಹೋಗಿ ನಿಲ್ಲುವುದು. ಆಗ ಅಡ್ಡರಸ್ತೆಯವರೂ ಚಲಿಸುವಂತಿಲ್ಲ.

ರೈಲ್ವೆ ಗೇಟನ್ನು ನೆನಪಿಸಿಕೊಳ್ಳಿ. ಗೇಟ್ ಹಾಕಿದ ತಕ್ಷಣ ಕೆಲವರು ಎಡಗಡೆಯ ಸಾಲು ಬಿಟ್ಟು ಬಲಗಡೆಗೆ ಹೋಗಿ ಮುಂದೆ ನಿಲ್ಲುತ್ತಾರೆ. ಆಚೆ ಬದಿಯಲ್ಲೂ ಹೀಗೆಯೇ. ರೈಲು ಹೋಗಿ ಗೇಟ್ ತೆರೆದಾಗ ಎರಡು ಗುಂಪುಗಳು ಮುಖಾಮುಖಿ! ಒಂದೆರಡು ನಿಮಿಷದಲ್ಲಿ ಖಾಲಿಯಾಗಬೇಕಿದ್ದ ಜಾಗ ಕಾಲು ಗಂಟೆಯಾದರೂ ಬಿಡಿಸಿಕೊಳ್ಳುವುದಿಲ್ಲ. ಎಲ್ಲರಿಗಿಂತ ಮುಂದೆ ಹೋಗಬೇಕೆಂದವರೇ ಎಲ್ಲರನ್ನೂ ತಡೆದಂತಾಯಿತು.

ಒಬ್ಬರಿಂದ ಏನಾಗುತ್ತದೆ?

"ಎಲ್ಲರೂ ಹೀಗೇ ಓಡಿಸುವಾಗ ನಾನೊಬ್ಬ ಸರಿಯಾಗಿ ಓಡಿಸಿದರೆ ಏನು ಬಂತು?" ಎಂದು ಹಲವರು ಕೇಳುತ್ತಾರೆ. ಇದಕ್ಕೂ ಪ್ರಯೋಗವೇ ಉತ್ತರ ಕೊಟ್ಟಿದೆ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಸಂಶೋಧಕರು ಇಪ್ಪತ್ತಕ್ಕೂ ಹೆಚ್ಚು ಕಾರುಗಳನ್ನು ವೃತ್ತಾಕಾರದ ದಾರಿಯಲ್ಲಿ ಓಡಿಸಿದರು. ಮೊದಲು ಜಪಾನಿನಲ್ಲಿ ಆದಂತೆಯೇ ಜಾಮಿನ ಅಲೆ ಹುಟ್ಟಿತು. ಆಮೇಲೆ ಅವುಗಳಲ್ಲಿ ಒಂದೇ ಒಂದು ಕಾರು ಬೇರೆ ರೀತಿಯಲ್ಲಿ ಓಡತೊಡಗಿತು. ಅದರ ವೇಗವನ್ನು ಗಣಕಯಂತ್ರ ನಿಯಂತ್ರಿಸುತ್ತಿತ್ತು. ಮುಂದೆ ಜಾಗ ಕಂಡ ಕೂಡಲೇ ಅದು ನುಗ್ಗಲಿಲ್ಲ. ಒಂದೇ ಹದವಾದ ವೇಗದಲ್ಲಿ, ಅಂತರ ಬಿಟ್ಟುಕೊಂಡು ಸಾಗಿತು. ಅಲೆ ಕರಗಿಹೋಯಿತು! ಒಂದು ಸುತ್ತಿನ ಪ್ರಯೋಗದಲ್ಲಿ ತರಬೇತಿ ಪಡೆದ ಚಾಲಕರೊಬ್ಬರು ಹದವಾದ ವೇಗದಲ್ಲಿ ಓಡಿಸಿದಾಗಲೂ ಅಲೆ ತಗ್ಗಿತು. ಎಲ್ಲ ಕಾರುಗಳ ಒಟ್ಟು ಇಂಧನ ಬಳಕೆಯಲ್ಲಿ ಶೇಕಡ 40ರವರೆಗೆ ಉಳಿತಾಯವಾಯಿತು ಎಂದು ಅವರು 2018ರಲ್ಲಿ ಪ್ರಕಟಿಸಿದರು.

ಇಪ್ಪತ್ತರಲ್ಲಿ ಒಬ್ಬರು ಬದಲಾದದ್ದಕ್ಕೆ ಇಷ್ಟು ಫಲ. ನಮ್ಮ ರಸ್ತೆಗಳು ಆ ಪ್ರಯೋಗದ ದಾರಿಯಂತಿಲ್ಲ, ನಿಜ. ಇಲ್ಲಿ ಬಸ್ಸು, ಲಾರಿ, ಆಟೋ, ಬೈಕು, ಎತ್ತಿನ ಗಾಡಿ ಎಲ್ಲವೂ ಒಟ್ಟಿಗೆ ಹೋಗುತ್ತವೆ. ನಾವು ಬಿಟ್ಟ ಜಾಗದಲ್ಲಿ ಒಬ್ಬ ಬೈಕಿನವನು ತೂರಿಕೊಳ್ಳಲೂಬಹುದು. ತೂರಿಕೊಳ್ಳಲಿ ಬಿಡಿ. ನಾವು ಮತ್ತೆ ನಿಧಾನವಾಗಿ ಅಂತರ ಬಿಟ್ಟುಕೊಂಡರೆ ನಮಗೆ ಆಗುವ ನಷ್ಟ ಒಂದೆರಡು ಸೆಕೆಂಡ್ ಮಾತ್ರ.

ಎರಡು ಸೆಕೆಂಡಿನ ನಿಯಮ

ಎಷ್ಟು ಅಂತರ ಬಿಡಬೇಕು? ಮುಂದಿನ ವಾಹನ ಒಂದು ಕಂಬವನ್ನು ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸಿ. ಎಣಿಸಿ ಮುಗಿದ ಮೇಲೆ ನಮ್ಮ ವಾಹನ ಆ ಕಂಬವನ್ನು ತಲುಪಬೇಕು. ಅದಕ್ಕೆ ಮೊದಲೇ ತಲುಪಿದರೆ ನಾವು ತೀರಾ ಹತ್ತಿರ ಇದ್ದೇವೆ ಎಂದರ್ಥ. ಮಳೆ ಬರುವಾಗ ಇನ್ನೂ ಹೆಚ್ಚು ಅಂತರ ಬೇಕು, ಏಕೆಂದರೆ ಒದ್ದೆ ರಸ್ತೆಯಲ್ಲಿ ಘರ್ಷಣೆ ಕಡಿಮೆ.

ನೀವಿನ್ನೂ ವಾಹನ ಓಡಿಸುವ ವಯಸ್ಸಿನವರಲ್ಲ. ಆದರೆ ಬಸ್ಸಿನಲ್ಲೋ ಆಟೋದಲ್ಲೋ ಕುಳಿತು ಈ ಎಣಿಕೆ ಮಾಡಬಹುದು. ಮನೆಯಲ್ಲಿ ಅಪ್ಪ, ಅಮ್ಮ, ಮಾವ, ಅಣ್ಣ ಯಾರಾದರೂ ವಾಹನ ಓಡಿಸುತ್ತಿದ್ದರೆ ಅವರಿಗೆ 22 ಕಾರುಗಳ ಕಥೆ ಹೇಳಬಹುದು. ಗೆಳೆಯರೊಡನೆ ಸೈಕಲ್ಲಿನಲ್ಲಿ ಶಾಲೆಗೆ ಬರುವಾಗ ಒಬ್ಬರ ಹಿಂದೆ ಒಬ್ಬರು, ಅಂತರ ಬಿಟ್ಟು ಬರುವ ಅಭ್ಯಾಸ ಮಾಡಿಕೊಳ್ಳಬಹುದು. ಇಂದಿನ ಅಭ್ಯಾಸವೇ ನಾಳೆ ಸ್ಟೀರಿಂಗ್ ಹಿಡಿದಾಗ ಕೈಗೆ ಬರುವುದು.

ಅಂದಿನ ಆಂಬುಲೆನ್ಸಿನಲ್ಲಿ ಯಾರಿದ್ದರೋ ನನಗೆ ಗೊತ್ತಿಲ್ಲ. ಆಂಬುಲೆನ್ಸಿಗೆ ದಾರಿ ಬಿಡದಿರುವುದು ಕಾನೂನಿನ ಪ್ರಕಾರ ಅಪರಾಧ. ಆದರೆ ಅಂದು ದಾರಿ ಬಿಡಬಾರದೆಂದು ಯಾರೂ ಅಂದುಕೊಂಡಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ಕೆಲವೇ ಮೀಟರ್ ಜಾಗವನ್ನು ಮೊದಲೇ ತುಂಬಿಬಿಟ್ಟಿದ್ದರು, ಅಷ್ಟೇ. ಮುಂದೆ ಬಿಟ್ಟ ಅಂತರ ವ್ಯರ್ಥವಾದ ಜಾಗವಲ್ಲ ಮಕ್ಕಳೇ. ಯಾರದೋ ಜೀವ ದಾಟಿ ಹೋಗುವ ದಾರಿ ಅದು.

ಯೋಚಿಸಿ, ಉತ್ತರಿಸಿ

1. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಎರಡು ಸೆಕೆಂಡಿನ ನಿಯಮದಂತೆ ಎಷ್ಟು ಮೀಟರ್ ಅಂತರ ಬಿಡಬೇಕು?

2. ಸಿಗ್ನಲ್ ಮುಂದೆ 21 ಕಾರುಗಳು ಸಾಲಾಗಿ ನಿಂತಿವೆ. ಹಸಿರು ದೀಪ ಬಂದ ಕೂಡಲೇ ಮೊದಲನೆಯ ಕಾರು ಹೊರಟಿತು. ಪ್ರತಿ ಕಾರೂ ಮುಂದಿನದಕ್ಕಿಂತ 1.25 ಸೆಕೆಂಡ್ ತಡವಾಗಿ ಹೊರಟರೆ, ಕೊನೆಯ ಕಾರು ಎಷ್ಟು ಸೆಕೆಂಡಿನ ನಂತರ ಹೊರಡುತ್ತದೆ?

3. ಪ್ರಾರ್ಥನೆ ಮುಗಿದು ಸಾಲಾಗಿ ತರಗತಿಗೆ ಹೋಗುವಾಗ ಬಾಗಿಲ ಬಳಿ ನೂಕುನುಗ್ಗಲು ಆಗುವುದೇಕೆ? ಅದನ್ನು ತಪ್ಪಿಸುವ ಒಂದು ಉಪಾಯ ಯೋಚಿಸಿ, ಒಂದು ವಾರ ಮಾಡಿ ನೋಡಿ.

(ಉತ್ತರ: 1. 30 ಮೀಟರ್. 2. 25 ಸೆಕೆಂಡ್. 3. ಇದರ ಉತ್ತರ ನಿಮ್ಮ ಶಾಲೆಯ ಬಾಗಿಲಲ್ಲೇ ಇದೆ!)