ಮರಳಿ ಸಿಕ್ಕ ಕೀಟನ್

ತಾನು ನಗದೆ ಪ್ರೇಕ್ಷಕರನ್ನು ನಗಿಸಿದ ಮೂಕಿಚಿತ್ರಗಳ ನಟ ಬಸ್ಟರ್ ಕೀಟನ್ 1928ರಲ್ಲಿ ಎಂಜಿಎಂ ಕಂಪನಿ ಸೇರಿದ. 1933ರಲ್ಲಿ ಅದು ಅವನನ್ನು ಹೊರಹಾಕಿತು. ಅಲ್ಲಿಗೆ ಅವನ ಕಥೆ ಮುಗಿಯಿತೆಂದೇ ಹಲವರು ಭಾವಿಸಿದ್ದರು. ಆದರೆ ಆತ 1934–37ರಲ್ಲಿ ಎಜುಕೇಷನಲ್ ಪಿಕ್ಚರ್ಸ್‌ಗಾಗಿ 16, 1939–41ರಲ್ಲಿ ಕೊಲಂಬಿಯಾಕ್ಕಾಗಿ 10 ಕಿರುಚಿತ್ರಗಳಲ್ಲಿ ನಟಿಸಿದ. ಕಡಿಮೆ ಖರ್ಚಿನಲ್ಲಿ ಅವಸರದಿಂದ ತಯಾರಾದ ಈ ಎರಡು ರೀಲುಗಳ ಚಿತ್ರಗಳು ಮುಖ್ಯಚಿತ್ರದ ಜೊತೆ ತೋರಿಸಲೆಂದೇ ಇದ್ದವು.

ಅವನ್ನು ಮನೆಮನೆಗೆ ತಲುಪಿಸಿದ್ದು ಡಿವಿಡಿ. ಕೊಲಂಬಿಯಾ ಚಿತ್ರಗಳ ಸಂಕಲನ 2006ರಲ್ಲಿ, ಎಜುಕೇಷನಲ್ ಚಿತ್ರಗಳದು 2010ರಲ್ಲಿ ಬಂತು. ಎಲ್ಲವೂ ಉತ್ತಮವೆಂದಲ್ಲ. ಆದರೆ 1936ರ ‘ಗ್ರ್ಯಾಂಡ್ ಸ್ಲ್ಯಾಮ್ ಆಪೆರಾ’ದಲ್ಲಿ ನಾಯಕ ವಸ್ತುಗಳನ್ನು ಎಸೆದು ಹಿಡಿಯುವ ಕಸರತ್ತು ತೋರಿಸಲು ಹೋಗುವುದು ರೇಡಿಯೋ ಸ್ಪರ್ಧೆಗೆ! ಕುಗ್ಗಿದ್ದು ಬಂಡವಾಳವೇ ಹೊರತು ಕಲೆಯಲ್ಲ ಎಂಬುದಕ್ಕೆ ಇದೊಂದೇ ಸಾಕು.